ತೀರ್ಪಿಗೂ ಮಧ್ಯವರ್ತಿ ಏಕೆ?



ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಬೇಡವೆಂದೇ ಬಸವಾದಿ ಶರಣರು ಇಷ್ಟಲಿಂಗವನ್ನು ನಮ್ಮ ಅಂಗೈಗೆ ಕೊಟ್ಟರು. ಅದನ್ನು ಧರಿಸಿದ ನಾವೇ, ನಮ್ಮ ಹೊಲದ ಬಗ್ಗೆ ನ್ಯಾಯಾಲಯ ಏನು ಹೇಳಿದೆ ಎಂದು ತಿಳಿಯಲು ಮೂರನೆಯವರ ಬಾಯಿ ನೋಡುತ್ತೇವೆ. ತೂಬಗೆರೆ ಹೋಬಳಿಯ ಹಳ್ಳಿಗಳಲ್ಲಿ ನಾನು ಬಹಳ ವರ್ಷಗಳಿಂದ ಕಾಣುತ್ತಿರುವ ಸ್ಥಿತಿ ಇದು. ‘ಕೇಸು ಏನಾಯಿತಪ್ಪಾ?’ ಎಂದರೆ ‘ನಮ್ಮಂತೆಯೇ ಆಗಿದೆಯಂತೆ’ ಎಂಬ ಉತ್ತರ. ಈ ‘ಅಂತೆ’ಯನ್ನು ಹೋಗಲಾಡಿಸುವುದೂ ಸುಧಾರಣೆಯ ಕೆಲಸವೇ ಎಂಬುದು ನನ್ನ ಅರಿಕೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಸೀಮೆಯ ಭೂಮಿಯ ಬೆಲೆ ಏರಿತು. ಮನೆಮನೆಗಳಲ್ಲಿ ಪಾಲಿನ ಜಗಳವೂ ಏರಿತು. ಇದರಲ್ಲಿ ಸೋಲುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಕಾನೂನು ಅವರ ಕೈ ಬಿಟ್ಟಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು. 2005ರಲ್ಲಿ ಕೇಂದ್ರದ ಕಾಯ್ದೆಯೂ ತಿದ್ದುಪಡಿಯಾಯಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಆದರೂ ನಮ್ಮ ಕಡೆಯ ಒಬ್ಬ ತಾಯಿಯ ಕಥೆ ಕೇಳಿ. ತವರಿನ ಹೊಲದಲ್ಲಿ ಪಾಲು ಕೇಳಿ ದಾವೆ ಹೂಡಿ ಗೆದ್ದಿದ್ದರು. ವರ್ಷಗಳು ಕಳೆದರೂ ಪಹಣಿಯಲ್ಲಿ ಅಣ್ಣಂದಿರ ಹೆಸರೇ ಇತ್ತು. ನಕಲು ತೆಗೆಸಿ ಓದಿದಾಗ ತಿಳಿಯಿತು: ಅದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಎಂದಷ್ಟೇ ಅದು ಹೇಳುತ್ತದೆ. ಯಾವ ದಿಕ್ಕಿನ ಎಷ್ಟು ಗುಂಟೆ ಯಾರದೆಂದು ಅಳೆದು ಬೇರ್ಪಡಿಸಿಕೊಳ್ಳಲು ಮುಂದಿನ ಹಂತವೂ ನಡೆಯಬೇಕು. ಹಾಗೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಗೆದ್ದ ಹೆಣ್ಣುಮಗಳು ಕಾಗದ ಓದದೆ ಸೋತಂತಾಯಿತು.

ಕಾಗದ ಪಡೆಯುವ ದಾರಿ ನಾವು ಹೆದರುವಷ್ಟು ಕಠಿಣವಲ್ಲ. ಕೇಸಿನ ನಂಬರು ಗೊತ್ತಿಲ್ಲದಿದ್ದರೂ ಇ-ಕೋರ್ಟ್ಸ್ ಜಾಲತಾಣದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ, ದೊಡ್ಡಬಳ್ಳಾಪುರದ ನ್ಯಾಯಾಲಯ ಎಂದು ಆರಿಸಿ, ಪಕ್ಷಗಾರರ ಹೆಸರು ಕೊಟ್ಟು ಹುಡುಕಬಹುದು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದೆ ಹುಡುಕಾಟವೇ ಇಲ್ಲ. ತೀರಾ ಹಳೆಯ ಕೇಸು ಅಲ್ಲಿ ಸಿಗದಿದ್ದರೆ ನ್ಯಾಯಾಲಯದ ಕಚೇರಿಯಲ್ಲೇ ವಿಚಾರಿಸಬೇಕು.

ಮೊಬೈಲಿನಿಂದ ತೆಗೆದ ಪ್ರತಿ ಓದಲು ಸಾಕು. ಮೇಲ್ಮನವಿಗೆ, ಖಾತೆ ಬದಲಾವಣೆಗೆ ಮೊಹರು ಬಿದ್ದ ದೃಢೀಕೃತ ನಕಲು ಬೇಕು. ಅದಕ್ಕೆ ನ್ಯಾಯಾಲಯದ ನಕಲು ವಿಭಾಗದಲ್ಲಿ ಶುಲ್ಕದೊಂದಿಗೆ ಅರ್ಜಿ ಕೊಡಬೇಕು. ಕೇಸಿನಲ್ಲಿ ಪಕ್ಷಗಾರರಲ್ಲದವರು ತಮಗೆ ಏಕೆ ಬೇಕೆಂದು ಪ್ರಮಾಣಪತ್ರದಲ್ಲಿ ತಿಳಿಸಬೇಕು. ನೋಡುವ ಹಕ್ಕಿರುವ ಸಾರ್ವಜನಿಕ ದಾಖಲೆಯ ನಕಲನ್ನು ಕೇಳಿದವರಿಗೆ ಕೊಡಬೇಕೆಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ನ್ಯಾಯಾಲಯದ ಕಡತಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯಬೇಡಿ. ಅದಕ್ಕೆ ನ್ಯಾಯಾಲಯದ ನಿಯಮಗಳ ದಾರಿಯೇ ಸರಿ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿದೆ. ತಹಶೀಲ್ದಾರರ ಕಚೇರಿಯ ಕಂದಾಯ ಕಡತಗಳ ಮಾತು ಬೇರೆ. ಅಲ್ಲಿ ಆ ಹಕ್ಕು ಕೆಲಸಕ್ಕೆ ಬರುತ್ತದೆ.

ತಡಮಾಡಿದರೆ ನಷ್ಟ. ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಲು 30 ದಿನ, ಹೈಕೋರ್ಟಿಗೆ 90 ದಿನ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಕಳೆಯುತ್ತಾರೆ. ಅರ್ಜಿಯನ್ನೇ ಹಾಕದೆ ಕೂತ ದಿನಗಳನ್ನಲ್ಲ.

‘ಮನೆಯ ಗುಟ್ಟು ಬೀದಿಗೆ ಬರುತ್ತದೆ’ ಎಂದು ಹಿರಿಯರು ಹೇಳುವುದುಂಟು. ಮಕ್ಕಳ ಮೇಲಿನ, ಹೆಂಗಸರ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಹೆಸರು ಮುಚ್ಚಿಡಲು ಕಾನೂನೇ ಇದೆ, ಅದು ಇರಲೇಬೇಕು. ಆದರೆ ಜಮೀನಿನ ತೀರ್ಪು ತೆರೆದ ನ್ಯಾಯಾಲಯದಲ್ಲಿ ಓದಿದ್ದು. ಊರಿಗೆಲ್ಲ ಕೇಳಿಸಿದ ಮಾತನ್ನು ಮನೆಯ ಮಗಳಿಂದ ಮಾತ್ರ ಬಚ್ಚಿಡುವುದು ಮರ್ಯಾದೆಯಲ್ಲ, ಮೋಸ.

ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆ ಅಲೆದು, ಗಂಟು ಕಟ್ಟಿ ಪೂಜೆಗಿಟ್ಟಿದ್ದ ತಾಳೆಗರಿಗಳನ್ನು ಬಿಚ್ಚಿಸಿ ಓದಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದದ್ದು ಆ ಅಲೆದಾಟದ ಫಲ. ಗಂಟಿನಲ್ಲಿದ್ದಾಗ ವಚನ ಬರೀ ಗರಿಯಾಗಿತ್ತು, ಓದಿದಾಗ ಅರಿವಾಯಿತು. ನಮ್ಮ ಟ್ರಂಕುಗಳಲ್ಲಿರುವ ತೀರ್ಪುಗಳ ಗತಿಯೂ ಅಷ್ಟೆ.

ಆದ್ದರಿಂದ ಮಠಗಳಲ್ಲಿ ನನ್ನ ಬಿನ್ನಹ ಎರಡು. ಒಂದು: ತಿಂಗಳ ಶಿವಾನುಭವ ಗೋಷ್ಠಿಯ ದಿನ ಒಂದು ಗಂಟೆ ಕಾಗದ ಓದುವುದಕ್ಕೆ ಮೀಸಲಿಡಿ. ನಿವೃತ್ತ ಶಿರಸ್ತೇದಾರರೋ ವಕೀಲರೋ ಬಂದು, ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿ, ಮುಂದಿನ ಹೆಜ್ಜೆ ತಿಳಿಸಲಿ. ಅದೂ ದಾಸೋಹವೇ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲಿಗೂ 15100 ಸಹಾಯವಾಣಿಗೂ ಅವರನ್ನು ಕಳಿಸಿಕೊಡಿ.

ಎರಡು: ಮಠದ ಆಸ್ತಿಯ ಮೇಲೆ ಕೇಸುಗಳಿದ್ದರೆ ಅವುಗಳ ಆದೇಶಗಳ ನಕಲನ್ನು ಭಕ್ತರು ಓದುವಂತೆ ಮಠದಲ್ಲೇ ಇಡಿ. ಆ ಆಸ್ತಿ ಬೆಳೆದದ್ದು ಭಕ್ತರ ಕಾಯಕದ ಹಣದಿಂದ. ಭಕ್ತರಿಗೆ ತೆರೆದಿಡಲಾಗದ ಕಡತ ಮಠದಲ್ಲಿ ಏಕಿರಬೇಕು?

ಇದರಿಂದ ವ್ಯಾಜ್ಯ ಹೆಚ್ಚುವುದಿಲ್ಲ. ಅಕ್ಷರದಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಾದ ಮೇಲೆ ಅಣ್ಣ-ತಂಗಿ ಕೂತು ಮಾತಾಡುವುದು ಸುಲಭ. ಈ ಸಂಚಿಕೆ ಓದಿ ಮುಗಿಸಿದವರು ಟ್ರಂಕು ತೆಗೆದು, ಮನೆಯ ಕಾಗದದಲ್ಲಿರುವ ಕೇಸಿನ ನಂಬರನ್ನೂ ವರ್ಷವನ್ನೂ ಒಂದು ಚೀಟಿಯಲ್ಲಿ ಬರೆದು, ತಂಗಿಗೂ ಒಂದು ಪ್ರತಿ ಕೊಡಿ.