ಗೇಟು ದಾಟಿದ ಮೇಲೂ ನಮ್ಮದೇ

ಕಾರ್ತಿಕ ಮಾಸದಲ್ಲಿ ಎರಡು ದಿನ ರಜೆ ಸಿಕ್ಕರೂ ಸಾಕು, ನಾನು ಊರಿಗೆ ಹೋಗ್ತೀನಿ. ಊರು ಅಂದ್ರೆ ಗೂಳೂರು. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂದುಬಿಡುತ್ತೆ. ಬೇರೆ ಊರಿನ ಗಣಪತಿ ಚೌತಿಗೆ ಬಂದು ಮೂರು ದಿನಕ್ಕೋ ಐದು ದಿನಕ್ಕೋ ನೀರಿಗೆ ಹೋಗ್ತಾನೆ. ನಮ್ಮ ಗಣಪನದು ನಿಧಾನದ ಲೆಕ್ಕ. ಚೌತಿಯ ಹೊತ್ತಿಗೆ ಮಣ್ಣಿನ ಕೆಲಸ ಶುರು, ಬಲಿಪಾಡ್ಯಮಿಗೆ ಪ್ರತಿಷ್ಠೆ, ಕಾರ್ತಿಕವಿಡೀ ಪೂಜೆ, ಆಮೇಲೆ ಜಾತ್ರೆ, ಕೊನೆಗೆ ಊರ ಕೆರೆ.

ಕಳೆದ ಸಲ ಹೋದಾಗ ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿದರು, "ನೀನು ಆ ಕೆಮಿಕಲ್ ಕಂಪನೀಲಿ ಏನು ಕೆಲಸ ಮಾಡ್ತೀಯ, ನಂಗೊಂದೂ ಅರ್ಥ ಆಗಿಲ್ಲ."

"ಪ್ರಾಡಕ್ಟ್ ಸ್ಟುವರ್ಡ್‌ಶಿಪ್ ಅಂತ, ದೊಡ್ಡಮ್ಮ."

"ಅಂದ್ರೆ ತಯಾರು ಮಾಡೋದಾ?"

"ಅಲ್ಲ."

"ಮಾರೋದಾ?"

"ಅದೂ ಅಲ್ಲ. ಮಾರಿದ ಮೇಲೆ ಅದು ಯಾರ ಕೈಗೆ ಹೋಗುತ್ತೆ, ಏನಾಗುತ್ತೆ, ಕೊನೆಗೆ ಎಲ್ಲಿ ಸೇರುತ್ತೆ ಅಂತ ನೋಡೋದು."

ದೊಡ್ಡಮ್ಮ ನಕ್ಕುಬಿಟ್ಟರು. "ಮಾರಿದ ಮೇಲೆ ನಿಂಗ್ಯಾಕೆ ಅದರ ಗೊಡವೆ? ದುಡ್ಡು ಬಂತಲ್ಲ!"

ಇದೇ ಪ್ರಶ್ನೆಯನ್ನ ನಮ್ಮ ಆಫೀಸಿನ ಮೀಟಿಂಗುಗಳಲ್ಲೂ ಕೇಳಿದ್ದೀನಿ. ಅಲ್ಲಿ ಅದು ಟೈ ಕಟ್ಟಿಕೊಂಡು ಬರುತ್ತೆ, ಅಷ್ಟೇ ವ್ಯತ್ಯಾಸ. ಈ ವಾರ ಅದಕ್ಕೇ ಉತ್ತರ ಬರೀತಿದ್ದೀನಿ. ನೀವು ಬಣ್ಣ, ಔಷಧ, ಸೋಪು, ಗೊಬ್ಬರ, ಅಂಟು, ಯಾವ ಕಂಪನಿಯಲ್ಲಿದ್ದರೂ ಇದು ನಿಮಗೂ ಬೇಕಾದ ಉತ್ತರ.

ಆ ಬಾಟಲಿ

ಮೊದಲು ನನ್ನ ತಪ್ಪು ಹೇಳ್ತೀನಿ.

ನಾನು ಮೊದಲು ಕೆಲಸ ಮಾಡಿದ ಒಂದು ಸಣ್ಣ ಕಂಪನಿಯಲ್ಲಿ ಟೈಲ್ಸ್ ಮೇಲಿನ ಕರೆ ತೆಗೆಯೋ ಆಸಿಡ್ ಕ್ಲೀನರ್ ಮಾಡ್ತಿದ್ದರು. ಹೋಟೆಲು, ಹಾಸ್ಟೆಲು, ಛತ್ರಗಳಿಗೆ ಐದು ಲೀಟರಿನ ಕ್ಯಾನು. ಅದರ ಸುರಕ್ಷತಾ ಪತ್ರ ಬರೆದವನು ನಾನೇ. ಜಗತ್ತಿನಾದ್ಯಂತ ಇರೋ ಕ್ರಮದಂತೆ ಹದಿನಾರು ಭಾಗ. ಒಂದನೇ ಭಾಗದಲ್ಲಿ ವಸ್ತುವಿನ ಹೆಸರು, ಬಳಕೆ, ತುರ್ತು ಫೋನ್ ನಂಬರು. ನಾಲ್ಕರಲ್ಲಿ ಪ್ರಥಮ ಚಿಕಿತ್ಸೆ. ಏಳರಲ್ಲಿ ಹೇಗೆ ಬಳಸಬೇಕು, ಎಲ್ಲಿಡಬೇಕು. ಹದಿಮೂರರಲ್ಲಿ ಹೇಗೆ ವಿಲೇವಾರಿ. ಎಲ್ಲಾ ಸರಿಯಾಗಿತ್ತು. ಎಲ್ಲಾ ಇಂಗ್ಲಿಷಿನಲ್ಲಿತ್ತು. ಆಡಿಟ್‌ನಲ್ಲಿ ಭೇಷ್ ಅನ್ನಿಸಿಕೊಂಡಿದ್ದೆ.

ಒಂದು ದಿನ ನಮ್ಮ ವ್ಯಾನ್ ಡ್ರೈವರ್ ಹೇಳಿದರು, "ಸಾರ್, ಗುಬ್ಬಿ ಕಡೆ ಒಂದು ಅಂಗಡೀಲಿ ನಮ್ಮ ಆಸಿಡ್ಡನ್ನ ನೀರಿನ ಬಾಟಲಿಗೆ ಬಗ್ಗಿಸಿ ಮಾರ್ತಾವ್ರೆ. ಐದು ಲೀಟರ್ ಯಾರು ತಗೋತಾರೆ ಸಾರ್ ಮನೆಗೆ?"

ನಾನು ಡೈರಿಯಲ್ಲಿ ಬರ್ಕೊಂಡೆ. ಸೇಲ್ಸ್‌ಗೆ ಒಂದು ಮೇಲ್ ಹಾಕಿದೆ. ಉತ್ತರ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮೂರು ವಾರ ಹೋಯ್ತು.

ಆಮೇಲೊಂದು ಭಾನುವಾರ ಕಟ್ಟಡದ ಕೆಲಸದ ಒಬ್ಬರು ಬಾಯಾರಿಕೆಗೆ ಅಂಥದೊಂದು ಬಾಟಲಿ ಎತ್ತಿ ಒಂದು ಗುಟುಕು ಕುಡಿದುಬಿಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಇದರೊಳಗೆ ಏನಿದೆ? ಬಾಟಲಿ ಮೇಲೆ ನೀರಿನ ಕಂಪನಿಯ ಹೆಸರಿತ್ತು. ಅಂಗಡಿಯವರು ಹುಡುಕಿ ನಮ್ಮ ಕ್ಯಾನಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಅದು ನಮ್ಮ ರಿಸೆಪ್ಷನ್ ನಂಬರು. ಭಾನುವಾರ ಯಾರು ಎತ್ತುತ್ತಾರೆ?

ಅವರು ಬದುಕಿದರು. ಬಾಯಿ, ಗಂಟಲು ಸುಟ್ಟಿತ್ತು. ತಿಂಗಳುಗಟ್ಟಲೆ ಗಂಜಿಯಲ್ಲೇ ಇದ್ದರು ಅಂತ ಆಮೇಲೆ ಗೊತ್ತಾಯ್ತು. ಕಾನೂನಿನ ಲೆಕ್ಕದಲ್ಲಿ ತಪ್ಪು ಅಂಗಡಿಯವರದು ಅಂತ ಮೀಟಿಂಗಿನಲ್ಲಿ ತೀರ್ಮಾನವಾಯ್ತು. ನಾನು ತಲೆ ಆಡಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ಮೂರು ವಾರ ಮೊದಲೇ ಗೊತ್ತಿದ್ದವನು ನಾನು.

ಕಾಸರಗೋಡಿನ ಪಾಠ

ಇದು ಒಂದು ಬಾಟಲಿಯ ಕಥೆ. ಇದೇ ಉದಾಸೀನ ಒಂದು ಜಿಲ್ಲೆಯ ಮೇಲೆ ಬಿದ್ದರೆ ಏನಾಗುತ್ತೆ ಅಂತ ನೋಡೋಕೆ ನಮ್ಮ ಕನ್ನಡದವರೇ ಇರೋ ಗಡಿನಾಡು ಸಾಕು.

ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರು ಹೂವಿಗೆ ಬೀಳೋ ಕೀಟ ಸಾಯಬೇಕಿತ್ತು. ಆದರೆ ಅದು ಗುಡ್ಡ, ತೋಡು, ಬಾವಿ, ಕುಡಿಯೋ ನೀರಿನ ಸುರಂಗಗಳ ಊರು. ತೋಟದ ಪಕ್ಕದಲ್ಲೇ ಮನೆ. ಮೇಲಿಂದ ಬಿದ್ದ ಔಷಧ ಗೇರುಮರದ ಮೇಲೇ ನಿಲ್ಲುತ್ತಾ? ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ವಿಚಿತ್ರವಾದ ಕಾಯಿಲೆಗಳು ಹೆಚ್ಚಾಗಿರೋದನ್ನ ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನ ಊರಾಚೆಗೆ ತಲುಪೋ ಹಾಗೆ ಬರೆದರು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದಕ್ಕೆ ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರ್ಕಾರಕ್ಕೆ ಅದೇ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ.

ಇಲ್ಲಿ ನನ್ನನ್ನ ಕಾಡೋದು ಒಂದು ವಿಷಯ. ಎಚ್ಚರಿಕೆ ಕೊಟ್ಟವರು ಒಬ್ಬ ಊರ ಡಾಕ್ಟರು, ಒಬ್ಬ ಊರ ಪತ್ರಕರ್ತ. ಅಂದ್ರೆ ಸುದ್ದಿ ಹುಟ್ಟೋದು ವಸ್ತು ಬಳಕೆಯಾಗೋ ಜಾಗದಲ್ಲಿ. ಆ ಸುದ್ದಿ ತಯಾರಿಸಿದವರ ಕಿವಿಗೆ ಬಿದ್ದು, ಅಲ್ಲೊಬ್ಬರು "ನಿಲ್ಲಿಸಿ" ಅನ್ನೋಕೆ ಎಷ್ಟು ದಿನ ಬೇಕು? ನನ್ನ ಕೆಲಸದ ಇಡೀ ಅಳತೆ ಆ ದಿನಗಳ ಲೆಕ್ಕ.

ಹಾಗಾದ್ರೆ ಹೇಗೆ ಕಟ್ಟೋದು?

1984ರ ಡಿಸೆಂಬರ್ 2ರ ರಾತ್ರಿಯ ಭೋಪಾಲ್ ದುರಂತ ಆದಮೇಲೆ ಕೆಮಿಕಲ್ ಉದ್ಯಮವನ್ನ ಜನ ನಂಬೋದು ಬಿಟ್ಟರು. 1985ರಲ್ಲಿ ಕೆನಡಾದ ಉದ್ಯಮದವರು 'ರೆಸ್ಪಾನ್ಸಿಬಲ್ ಕೇರ್' ಅಂತ ಶುರು ಮಾಡಿದರು. ಭಾರತದಲ್ಲಿ ಅದನ್ನ ಇಂಡಿಯನ್ ಕೆಮಿಕಲ್ ಕೌನ್ಸಿಲ್ ನಡೆಸುತ್ತೆ. ಯುರೋಪು 2007ರ ಜೂನ್ 1ರಿಂದ 'ರೀಚ್' ಕಾನೂನು ತಂದು, ವಸ್ತು ಸುರಕ್ಷಿತ ಅಂತ ತೋರಿಸೋ ಭಾರವನ್ನ ಕಂಪನಿಗಳ ತಲೆ ಮೇಲೇ ಹಾಕಿತು. ನಮ್ಮಲ್ಲೂ ಮನೆಗೆ ಹೊಡೆಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಕಾನೂನು ಇದೆ. ಆದರೆ ಕಾನೂನು ಓದೋಕೆ ಒಬ್ಬರನ್ನ ಕೂರಿಸಿದರೆ ಅದು ವಿಭಾಗ ಆಗಲ್ಲ. ಆ ಬಾಟಲಿಯ ನಂತರ ನಾವು ಕಲಿತಿದ್ದು ಇಷ್ಟು.

ಒಂದು, ಪಟ್ಟಿ ಮಾಡಿ. ಕಂಪನಿಯ ಪ್ರತಿ ವಸ್ತುವಿಗೂ ಒಂದು ಹಾಳೆ. ಒಳಗೆ ಏನಿದೆ, ಯಾರು ಸರಬರಾಜು ಮಾಡ್ತಾರೆ, ಯಾರು ಕೊಳ್ತಾರೆ, ನಿಜವಾಗಿ ಯಾವುದಕ್ಕೆ ಬಳಸ್ತಾರೆ. ಈ ಕೊನೆಯ ಕಾಲಂ ತುಂಬೋಕೆ ಕುರ್ಚಿ ಬಿಟ್ಟು ಏಳಬೇಕು. ಅಂಗಡಿಗೆ, ಗೋಡೌನಿಗೆ, ಗದ್ದೆಗೆ ಹೋಗಬೇಕು.

ಎರಡು, ಅಪಾಯವನ್ನ ತೂಗಿ. ವಸ್ತುವಿನ ವಿಷಗುಣ ಬೇರೆ, ಅದರಿಂದ ಆಗೋ ಅಪಾಯ ಬೇರೆ. ಬೀಗ ಹಾಕಿದ ಬೀರುವಿನಲ್ಲಿರೋ ಆಸಿಡ್ಡೂ ನೀರಿನ ಬಾಟಲಿಯಲ್ಲಿರೋ ಆಸಿಡ್ಡೂ ಒಂದೇ ಆಸಿಡ್ಡು. ಯಾರ ಕೈಗೆ, ಎಷ್ಟು, ಹೇಗೆ ಸಿಗುತ್ತೆ ಅನ್ನೋದು ಸೇರಿದಾಗ ಅಪಾಯ ಹುಟ್ಟುತ್ತೆ. ನೂರು ವಸ್ತು ಇದ್ದರೆ ನೂರನ್ನೂ ಒಟ್ಟಿಗೆ ನೋಡೋಕಾಗಲ್ಲ. ಮಕ್ಕಳು, ರೈತರು, ಕೂಲಿಯವರ ಕೈಗೆ ಸುಲಭವಾಗಿ ಸಿಗೋದರಿಂದ ಶುರು ಮಾಡಿ.

ಮೂರು, 'ಬೇಡ' ಅನ್ನೋ ಅಧಿಕಾರ ಕೊಡಿ. ಇದೇ ಮುಖ್ಯ. ಸ್ಟುವರ್ಡ್‌ಶಿಪ್‌ನವರು ಸೇಲ್ಸ್ ಮುಖ್ಯಸ್ಥರ ಕೆಳಗೆ ಇದ್ದರೆ ಅವರ ಮೇಲ್‌ಗೆ ಏನಾಗುತ್ತೆ ಅಂತ ನನಗೆ ಗೊತ್ತು. ಅವರು ನೇರವಾಗಿ ಮೇಲಿನವರಿಗೆ ವರದಿ ಮಾಡಬೇಕು. ಹೊಸ ವಸ್ತು ಹೊರಬರೋ ಮೊದಲು ಅವರ ಸಹಿ ಬೇಕು. ಫಾರ್ಮುಲಾ, ಡಬ್ಬಿ, ಸರಬರಾಜುದಾರ, ಯಾವುದು ಬದಲಾದರೂ ಮತ್ತೆ ಸಹಿ ಬೇಕು.

ನಾಲ್ಕು, ಓದೋರ ಭಾಷೆಯಲ್ಲಿ ಬರೆಯಿರಿ. ಕೀಟನಾಶಕದ ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ನೋಡಿದ್ದೀರಲ್ಲ? ಕೆಂಪು ಅಂದ್ರೆ ಅತಿ ಘೋರ ವಿಷ, ಹಸಿರಿನ ಕಡೆಗೆ ಬಂದ ಹಾಗೆ ಕಡಿಮೆ. ಓದು ಬರದವರಿಗೂ ತಲುಪಲಿ ಅಂತ ಮಾಡಿದ್ದು. ನಾವು ಕ್ಯಾನಿನ ಮೇಲೆ ಕನ್ನಡದಲ್ಲಿ ಮೂರೇ ಸಾಲು ಹಾಕಿದೆವು. ಚರ್ಮ ಸುಡುತ್ತೆ. ಬೇರೆ ಬಾಟಲಿಗೆ ಬಗ್ಗಿಸಬೇಡಿ. ಬ್ಲೀಚಿನ ಜೊತೆ ಬೆರೆಸಬೇಡಿ, ವಿಷಗಾಳಿ ಬರುತ್ತೆ. ಹದಿನಾರು ಭಾಗದ ಪತ್ರಕ್ಕಿಂತ ಆ ಮೂರು ಸಾಲನ್ನ ಹೆಚ್ಚು ಜನ ಓದಿದರು.

ಐದು, ಕಿವಿ ತೆರೆದಿಡಿ. ತುರ್ತು ನಂಬರು ರಾತ್ರಿ ಎರಡು ಗಂಟೆಗೂ ಎತ್ತಬೇಕು, ಭಾನುವಾರವೂ ಎತ್ತಬೇಕು. ಎತ್ತಿದವರಿಗೆ ಡಾಕ್ಟರ ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ಡ್ರೈವರ್, ಡೀಲರ್, ಸರ್ವಿಸ್ ಹುಡುಗರು ಹೇಳಿದ್ದು ಒಂದೇ ಪುಸ್ತಕಕ್ಕೆ ಬರಬೇಕು. ಬಂದ ಪ್ರತಿ ಸುದ್ದಿಗೂ ಒಂದು ಹೆಸರು, ಒಂದು ತಾರೀಖು. ವರ್ಷದ ಕೊನೆಗೆ ಎಷ್ಟು ಪತ್ರ ತಯಾರಿಸಿದಿರಿ ಅಂತ ಎಣಿಸಬೇಡಿ. ಸುದ್ದಿ ಬಂದ ದಿನದಿಂದ ಸರಿಪಡಿಸಿದ ದಿನಕ್ಕೆ ಎಷ್ಟು ದಿನ ಹಿಡೀತು ಅಂತ ಎಣಿಸಿ.

ನಮ್ಮ ಬಾಟಲಿಯ ಸಮಸ್ಯೆಗೆ ಕೊನೆಗೆ ಸಿಕ್ಕ ಪರಿಹಾರ ತೀರಾ ಸಾದಾ. ಜನಕ್ಕೆ ಬೇಕಿದ್ದದ್ದು ಸಣ್ಣ ಪ್ಯಾಕು. ನಾವು ಮಾಡ್ತಿರಲಿಲ್ಲ, ಅಂಗಡಿಯವರು ಅವರಿಗೆ ತೋಚಿದ ಹಾಗೆ ಮಾಡಿಕೊಂಡರು. ಮಕ್ಕಳು ಸುಲಭಕ್ಕೆ ತೆಗೆಯಲಾಗದ ಮುಚ್ಚಳ ಹಾಕಿ ಅರ್ಧ ಲೀಟರಿನ ಡಬ್ಬಿ ತಂದೆವು. ಮುಚ್ಚಳದ ಖರ್ಚು ಜಾಸ್ತಿ ಅಂತ ಎರಡು ತಿಂಗಳು ಜಗಳ ನಡೀತು. ಡ್ರೈವರನ್ನ ಮೀಟಿಂಗಿಗೆ ಕರೆದು, ನಮಗೆ ಹೇಳಿದ್ದನ್ನೇ ಇಲ್ಲಿ ಹೇಳಿ ಅಂದೆ. ಅವರು ಹೇಳಿ ಮುಗಿಸಿದಾಗ ಯಾರೂ ಮುಚ್ಚಳದ ಬೆಲೆ ಕೇಳಲಿಲ್ಲ.

ಮತ್ತೆ ಗಣಪ

ದೊಡ್ಡಮ್ಮನಿಗೆ ಇಷ್ಟೆಲ್ಲಾ ಹೇಳೋಕಾಗುತ್ತಾ? ನಾನು ಗಣಪನನ್ನೇ ಹಿಡಿದುಕೊಂಡೆ.

"ದೊಡ್ಡಮ್ಮ, ನಮ್ಮ ಗಣಪನ್ನ ಯಾತರಲ್ಲಿ ಮಾಡ್ತಾರೆ?"

"ಮಣ್ಣಲ್ಲಿ. ಇನ್ಯಾತರಲ್ಲಿ?"

"ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿದ್ರೆ ಸಲೀಸು, ಅಲ್ವಾ? ಹಗುರ, ಬೇಗ ಮುಗಿಯುತ್ತೆ."

"ಕೆರೇಲಿ ಕರಗಬೇಡವೇನೋ? ಆ ನೀರು ನಮ್ಮದೇ ತಾನೇ?"

"ಅದೇ ದೊಡ್ಡಮ್ಮ ನನ್ನ ಕೆಲಸ."

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮೂರ್ತಿ ವಿಸರ್ಜನೆಯ ಮಾರ್ಗಸೂಚಿ ಪರಿಷ್ಕರಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ವಿಷದ ಬಣ್ಣ ಬೇಡ ಅಂತು. ನಮ್ಮೂರಿನ ದೊಡ್ಡಮ್ಮಂದಿರಿಗೆ ಅದು ಮೊದಲೇ ಗೊತ್ತಿತ್ತು. ಕೆರೆಗೆ ಹೋಗಬೇಕಾದ್ದನ್ನ ಮಾಡೋ ದಿನವೇ ಕೆರೆಯನ್ನ ನೆನೆಸಿಕೊಳ್ಳಬೇಕು, ಅಷ್ಟೇ. ಇನ್ನೊಂದು ಮಾತು. ಗೂಳೂರು ಗಣಪನ ಕೆಲಸದಲ್ಲಿ ಊರಿನ ಹದಿನೆಂಟು ಕೋಮಿನವರಿಗೂ ಪಾಲಿದೆ. ಕಂಪನಿಯಲ್ಲೂ ಹಾಗೇ. ಲ್ಯಾಬು, ಖರೀದಿ, ಸೇಲ್ಸು, ಲಾರಿ, ಎಲ್ಲರ ಪಾಲೂ ಬೇಕು. ಒಬ್ಬನೇ ಸ್ಟುವರ್ಡ್ ಏನೂ ಕಿತ್ತು ಗುಡ್ಡೆ ಹಾಕೋಕಾಗಲ್ಲ.

ದೊಡ್ಡಮ್ಮ ಸಿಪ್ಪೆ ಒಟ್ಟು ಮಾಡಿಕೊಂಡು ಎದ್ದರು. ನಾನು ಕೈ ತೊಳೆಯೋಕೆ ಬಚ್ಚಲಿಗೆ ಹೋದೆ. ಬಕೆಟ್ಟಿನ ಪಕ್ಕ ಕೂಲ್‌ಡ್ರಿಂಕ್ಸ್ ಬಾಟಲಿ, ಒಳಗೆ ಅರ್ಧ ಬಿಳೀ ದ್ರವ.

"ದೊಡ್ಡಮ್ಮ, ಇದೇನು?"

"ಫಿನಾಯಿಲು ಕಣೋ. ಅಂಗಡಿಯೋನು ಹಾಗೇ ತುಂಬಿಸಿ ಕೊಡ್ತಾನೆ. ಯಾಕೆ?"

ಅವರ ಮೊಮ್ಮಗಳಿಗೆ ಎರಡು ವರ್ಷ. ಹೊರಗೆ ಅಂಗಳದಲ್ಲಿ ಆಡ್ತಿದ್ದಳು. ನಾನು ಬಾಟಲಿಯನ್ನ ಅಟ್ಟದ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಡಿ ಕಡೆ ಹೊರಟೆ. ಈ ಸಲ ಮೂರು ವಾರ ಕಾಯೋ ಹಾಗಿರಲಿಲ್ಲ.

ನಿಮ್ಮ ಬಚ್ಚಲಲ್ಲಿ ಏನಿದೆ, ಇವತ್ತು ಒಂದು ಸಲ ನೋಡಿಬಿಡಿ.