ಆತಕೂರಿನ ಕಾಳಿ ಮತ್ತು ನನ್ನ ಸುಳ್ಳು ರಜೆ

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯಿತು. ಕೆಲಸ ಜಾಸ್ತಿ ಇತ್ತು ಅಂದರೆ ನೀವು ನಂಬಿಬಿಡುತ್ತೀರಿ, ನಮ್ಮ ಸಾಫ್ಟ್‌ವೇರ್ ಕಸುಬೇ ಅಂಥದ್ದು. ಆದರೆ ಈ ವಿಷಯದಲ್ಲಿ ಈಗಾಗಲೇ ಒಂದು ಸುಳ್ಳು ಹೇಳಿ ಪಾಡು ಪಟ್ಟಿದ್ದೇನೆ, ಇನ್ನೊಂದು ಬೇಡ. ನಮ್ಮ ಗುಂಡ ಹೋಗಿಬಿಟ್ಟ. ಗುಂಡ ಅಂದರೆ ನನ್ನ ನಾಯಿ.

"ಅಯ್ಯೋ, ನಾಯೀನಾ? ನಾನು ಯಾರೋ ಅಂದ್ಕೊಂಡೆ" ಅಂತ ನಿಮಗೂ ಒಂದು ಕ್ಷಣ ಅನ್ನಿಸಿರಬಹುದು. ಬೇಜಾರಿಲ್ಲ ಬಿಡಿ. ಇವತ್ತು ಬರೆಯಬೇಕು ಅಂತ ಕೂತಿರುವುದೇ ಆ ಒಂದು ಕ್ಷಣದ ಬಗ್ಗೆ.

ಗುಂಡ ಸಿಕ್ಕಿದ್ದು ಇಂಜಿನಿಯರಿಂಗ್ ಕೊನೇ ಸೆಮಿಸ್ಟರಿನಲ್ಲಿ, ಹಾಸ್ಟೆಲ್ ಮೆಸ್ಸಿನ ಹಿಂಬದಿ. ಜಾತಿ ಗೀತಿ ಏನಿಲ್ಲ, ಅಪ್ಪಟ ಬೀದಿ ನಾಯಿ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಾಗ ಅವನೂ ಬಂದ. ಬಾಡಿಗೆ ಮನೆ ಹುಡುಕಾಟದ ಕಥೆ ಏನು ಕೇಳುತ್ತೀರಿ. "ಎಷ್ಟು ಜನ ಇರ್ತೀರಾ?" ಅಂದರೆ "ಒಬ್ಬನೇ ಸಾರ್" ಅನ್ನುತ್ತಿದ್ದೆ. ಓನರ್ ಮುಖ ಅರಳುತ್ತಿತ್ತು. "ಜೊತೆಗೆ ಒಂದು ನಾಯಿ" ಅಂದ ಕೂಡಲೇ ಅವರ ಅಣ್ಣನ ಮಗನೋ ಭಾವಮೈದುನನೋ ಮುಂದಿನ ವಾರವೇ ಆ ಮನೆಗೆ ಬರುವವನಿರುತ್ತಿದ್ದ! ಏಳನೇ ಮನೆಯ ಓನರ್ ಆಂಟಿ ಒಪ್ಪಿಕೊಂಡರು. ಆರು ವರ್ಷ ನಾವಿಬ್ಬರೂ ಆ ಮನೆಯಲ್ಲಿ ಇದ್ದೆವು. ರಾತ್ರಿ ಹನ್ನೊಂದಕ್ಕೆ ಕಾಲ್ ಇದ್ದರೆ ಟೇಬಲ್ ಕೆಳಗೆ ನನ್ನ ಪಾದದ ಮೇಲೆ ತಲೆ ಇಟ್ಟು ಮಲಗುತ್ತಿದ್ದ. ಮೊಸರನ್ನ ಅಂದರೆ ಪ್ರಾಣ. ಉಪ್ಪಿಟ್ಟು ಮಾತ್ರ ಮೂಸಿ ನೋಡಿ ಹೋಗಿಬಿಡುತ್ತಿದ್ದ. ಈ ಒಂದು ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಒಂದೇ ಆಗಿತ್ತು.

ಕಾಯಿಲೆ ಬಂದದ್ದು ಒಂದು ಮಂಗಳವಾರ. ಅವತ್ತು ಮೊಸರನ್ನ ಅರ್ಧಕ್ಕೆ ಬಿಟ್ಟ. ಬಿಸಿಲಿಗೆ ಹೀಗಾಗಿರಬೇಕು ಅಂದುಕೊಂಡೆ. ನನಗೆ ಆ ವಾರ ರಿಲೀಸ್ ಬೇರೆ ಇತ್ತು. ಗುರುವಾರ ಮಂಚದ ಕೆಳಗಿನಿಂದ ಹೊರಗೇ ಬರಲಿಲ್ಲ. ಶುಕ್ರವಾರ ಸಂಜೆ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದಾಗ ಜ್ವರ ೧೦೪.೫. ನಾಯಿಗಳ ಮೈ ಮಾಮೂಲಿಯಾಗಿಯೇ ೧೦೧ರಿಂದ ೧೦೨.೫ ಡಿಗ್ರಿ ಇರುತ್ತದೆ ಅಂತ ನನಗೆ ಗೊತ್ತಾದದ್ದೇ ಅವತ್ತು. ಶನಿವಾರ ರಾತ್ರಿ ಮೂಗಿನಿಂದ ರಕ್ತ ಬಂತು. ಭಾನುವಾರ ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಹನ್ನೊಂದು ಸಾವಿರ. ಎರಡು ಲಕ್ಷದ ಮೇಲಿರಬೇಕಾದದ್ದು.

"ಟಿಕ್ ಫೀವರ್ ಸಾರ್, ಎರ್ಲಿಕಿಯಾ" ಅಂದರು ಡಾಕ್ಟ್ರು. ಉಣ್ಣೆ ಹುಳದಿಂದ ಬರುವ ಜ್ವರ. ಡಾಕ್ಸಿಸೈಕ್ಲಿನ್ ಶುರು ಮಾಡಿದರು, ಡ್ರಿಪ್ ಹಾಕಿದರು. ಯಾರದೋ ಮನೆಯ ಲ್ಯಾಬ್ರಡಾರ್ ಒಂದು ಬಂದು ರಕ್ತ ಕೊಟ್ಟು ಹೋಯಿತು. ಸೋಮವಾರ ಸಂಜೆ ಎದ್ದು ನೀರು ಕುಡಿದ, ನನ್ನ ನೋಡಿ ಬಾಲವನ್ನೂ ಎರಡು ಸಲ ಆಡಿಸಿದ. ಮನೆಗೆ ಬಂದು ಅನ್ನಕ್ಕಿಟ್ಟೆ, ರಾತ್ರಿ ತಿನ್ನಬಹುದು ಅಂತ. ಮಂಗಳವಾರ ಬೆಳಗಿನ ಜಾವ ನಾಲ್ಕೂವರೆಗೆ ಹೋಗಿಬಿಟ್ಟ.

ಅಪ್ಪನಿಗೆ ಫೋನ್ ಮಾಡಿದೆ. ನಮ್ಮಪ್ಪ ನಾಯಿಯನ್ನು ಹೊಸ್ತಿಲು ದಾಟಲು ಬಿಟ್ಟವರಲ್ಲ. ರಜೆಗೆ ಊರಿಗೆ ಹೋದಾಗಲೆಲ್ಲ ಗುಂಡನಿಗೆ ಜಗುಲಿಯೇ ಗತಿ. ಅವರು ಒಂದು ನಿಮಿಷ ಸುಮ್ಮನಿದ್ದು, "ಅಲ್ಲಿ ಎಲ್ಲೂ ಹಾಕಬೇಡ. ಇಲ್ಲಿಗೇ ಕರ್ಕೊಂಡು ಬಾ" ಅಂದರು. "ತಗೊಂಡು ಬಾ" ಅನ್ನಲಿಲ್ಲ.

ಗೆಳೆಯನ ಕಾರಿನಲ್ಲಿ ಹೊರಟೆವು. ನಮ್ಮೂರು ತಿಪಟೂರಿನ ಹತ್ತಿರ. ತುಮಕೂರು, ಗುಬ್ಬಿ, ಕೆ.ಬಿ. ಕ್ರಾಸ್. ಆ ದಾರಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸದೆ ನಾವಿಬ್ಬರೂ ಯಾವತ್ತೂ ಹೋದವರಲ್ಲ. ಅವತ್ತು ಅವನು ನಿಲ್ಲಿಸಲಿಲ್ಲ, ನಾನೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಗುಂಡ. ಊರು ಮುಟ್ಟುವಷ್ಟರಲ್ಲಿ ಅಪ್ಪ ತೋಟದಲ್ಲಿ ತೆಂಗಿನ ಮರದ ಪಕ್ಕ ತಾವೇ ಗುಂಡಿ ತೋಡಿ, ಒಂದು ಚೀಲ ಕಲ್ಲುಪ್ಪು ತಂದಿಟ್ಟಿದ್ದರು. ಅಮ್ಮ ಬಂದು, "ಬೆಲ್ಟ್ ಬಿಚ್ಚೋ, ಕಟ್ಟಿ ಕಳಿಸಬಾರದು" ಅಂದಳು. ಮಣ್ಣು ಮುಚ್ಚಿದ ಮೇಲೆ ಅಪ್ಪ ಸೀದಾ ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಹೊಯ್ದುಕೊಂಡು ಬಂದು, ನನಗೂ "ಸ್ನಾನ ಮಾಡು ಹೋಗು" ಅಂದರು. ಇದು ಯಾವ ಶಾಸ್ತ್ರದಲ್ಲಿದೆಯೋ ನಾನು ಕೇಳಲಿಲ್ಲ.

ಈಗ ನನ್ನ ಸುಳ್ಳಿಗೆ ಬರೋಣ. ಅವತ್ತು ಬೆಳಗ್ಗೆ ಕಾರಿನಲ್ಲಿ ಕೂತೇ ಮ್ಯಾನೇಜರಿಗೆ ಮೇಲ್ ಕಳಿಸಿದ್ದೆ. "ನನ್ನ ನಾಯಿ ಸತ್ತಿದೆ" ಅಂತ ಟೈಪ್ ಮಾಡಿದೆ. ಅಳಿಸಿದೆ. "ಮನೆಯಲ್ಲಿ ಒಂದು ಸಾವಾಗಿದೆ" ಅಂತ ಮಾಡಿದೆ. ಯಾರು ಅಂತ ಕೇಳಿದರೆ? ಅದನ್ನೂ ಅಳಿಸಿದೆ. ಕೊನೆಗೆ "ಜೋರು ಜ್ವರ, ಎರಡು ದಿನ ಬರಲಾಗುವುದಿಲ್ಲ" ಅಂತ ಬರೆದೆ. ಗುಂಡನ ಜ್ವರವನ್ನು ನನ್ನ ಹೆಸರಿಗೆ ಬರೆದುಕೊಂಡೆ ಅನ್ನಿ.

ಗುರುವಾರ ಆಫೀಸಿಗೆ ಹೋದರೆ ಮುಖ ನೋಡಿ ಎಲ್ಲರೂ ನಂಬಿದರು. ಪಕ್ಕದ ಸೀಟಿನವನು ಕೇಳಿದ, "ಡೆಂಗಿನಾ ಮಗಾ? ಪ್ಲೇಟ್‌ಲೆಟ್ ಎಷ್ಟಿತ್ತು?" ಯೋಚನೆ ಮಾಡದೆ ಬಾಯಿಂದ ಬಂದುಬಿಟ್ಟಿತು, "ಹನ್ನೊಂದು ಸಾವಿರ". ಅವನು ಗಾಬರಿಯಾಗಿ, "ಹನ್ನೊಂದು ಸಾವಿರಕ್ಕೆ ಎರಡೇ ದಿನಕ್ಕೆ ಎದ್ದು ಬಂದಿದೀಯಾ? ದೇವರು ದೊಡ್ಡವನು ಕಣೋ" ಅಂದ. ನಾನು ಎದ್ದು ರೆಸ್ಟ್‌ರೂಮಿಗೆ ಹೋಗಿ ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ಅಳು ಬಂದದ್ದು ಗುಂಡನಿಗಾಗಿಯೋ, ನಾನು ಬದುಕಿಬಂದದ್ದಕ್ಕೆ ಅವನು ಅಷ್ಟು ಖುಷಿ ಪಟ್ಟನಲ್ಲ ಅಂತಲೋ, ಗೊತ್ತಾಗಲಿಲ್ಲ.

ಯಾಕೆ ಹೀಗೆ ಮಾಡಿದೆ ಅಂತ ಆಮೇಲೆ ತುಂಬಾ ಯೋಚಿಸಿದೆ. ಯಾರೂ ನನ್ನನ್ನು ಬೈದಿರಲಿಲ್ಲ, ಅಣಕಿಸಿರಲಿಲ್ಲ. ಬೇರೆಯವರು ನಕ್ಕುಬಿಟ್ಟಾರು ಅಂತ ನಾನೇ ಮೊದಲೇ ನಾಚಿಕೊಂಡಿದ್ದೆ. ಹೀಗೆ ಯೋಚಿಸುತ್ತಿದ್ದಾಗ ನೆನಪಾದದ್ದು ಆತಕೂರಿನ ಕಲ್ಲು.

ಕಾಲೇಜಿನಲ್ಲಿದ್ದಾಗ ಒಂದು ಸಲ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದಿರುವ ಕಲ್ಲು ಅಲ್ಲಿದೆ. ನಾಯಿಯೊಂದು ಹಂದಿಯ ಜೊತೆ ಕಾದಾಡುತ್ತಿರುವ ಚಿತ್ರ, ಸುತ್ತ ಹಳಗನ್ನಡದ ಬರಹ. ಕಾಲ ಸುಮಾರು ಕ್ರಿ.ಶ. ೯೪೯-೫೦. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಬೂತುಗನ ಕಡೆಯ ಮಣಲೇರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿ ದೊರೆ ಏನು ಬೇಕೋ ಕೇಳು ಅಂದನಂತೆ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅಂತ ಬೇರೆ ಬರೆಸಿದರು.

ಚೋಳರ ರಾಜಾದಿತ್ಯ ಸತ್ತ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಒಂದೇ ಕಲ್ಲಿನಲ್ಲಿ ರಾಜನ ಸಾವು, ನಾಯಿಯ ಸಾವು ಎರಡೂ. ಅವತ್ತು ನಾವು ಗೆಳೆಯರೆಲ್ಲ ಅದರ ಮುಂದೆ ನಿಂತು "ನೋಡ್ರೋ, ನಾಯಿಗೂ ವೀರಗಲ್ಲು" ಅಂತ ನಕ್ಕಿದ್ದೆವು. ಈಗ ಯೋಚಿಸಿದರೆ ಸಾವಿರ ವರ್ಷದ ಹಿಂದಿನ ಆ ಸೈನಿಕನಿಗೆ ಯಾರು ನಕ್ಕಾರು ಅನ್ನುವ ಭಯ ಇರಲಿಲ್ಲ. ಕಲ್ಲಿನಲ್ಲಿ ಕೆತ್ತಿಸಿಬಿಟ್ಟ. ನನಗೆ ಒಂದು ಮೇಲ್‌ನಲ್ಲಿ ನಾಲ್ಕು ಪದ ಬರೆಯಲಾಗಲಿಲ್ಲ.

೨೦೨೨ರಲ್ಲಿ '೭೭೭ ಚಾರ್ಲಿ' ಬಂದಾಗ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸಿನಿಮಾ ನೋಡಿ ಕ್ಯಾಮೆರಾಗಳ ಮುಂದೆಯೇ ಅತ್ತುಬಿಟ್ಟಿದ್ದು ನಿಮಗೆ ನೆನಪಿರಬಹುದು. ಹಿಂದಿನ ವರ್ಷ ಅವರ ಮನೆಯ ನಾಯಿ ತೀರಿಕೊಂಡಿತ್ತು. ಅವರ ರಾಜಕೀಯ ಏನೇ ಇರಲಿ, ಆ ಕಣ್ಣೀರಿನ ಬಗ್ಗೆ ನನಗೆ ಈಗ ಗೌರವ ಇದೆ. ಥಿಯೇಟರಿನಲ್ಲಿ ನನ್ನ ಅಕ್ಕಪಕ್ಕದವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಪರದೆ ಮೇಲಿನ ನಾಯಿಗೆ ಕತ್ತಲಲ್ಲಿ ಅಳಬಹುದು, ಪಕ್ಕದ ಮನೆಯ ನಾಯಿಗೆ ಬೆಳಕಿನಲ್ಲಿ ಅತ್ತರೆ ಮಾತ್ರ "ಇನ್ನೊಂದು ತಂದ್ಕೊಂಡ್ರಾಯ್ತು ಬಿಡಿ" ಅನ್ನುತ್ತೇವೆ.

ಹಾಗೆ ಹೇಳುವವರು ಕೆಟ್ಟವರಲ್ಲ. ಸಮಾಧಾನಕ್ಕೇ ಹೇಳುತ್ತಾರೆ. ಆದರೆ ದಯವಿಟ್ಟು ಹೇಳಬೇಡಿ. ಮುಂದೆ ಯಾವತ್ತೋ ಇನ್ನೊಂದು ನಾಯಿ ಮನೆಗೆ ಬಂದರೂ ಬರಬಹುದು. ಅದರ ಹೆಸರು ಬೇರೆ, ಅದು ಉಪ್ಪಿಟ್ಟು ತಿಂದರೂ ತಿನ್ನಬಹುದು. ಹೇಳಲು ಏನೂ ತೋಚದಿದ್ದರೆ "ಏನಾಗಿತ್ತು?" ಅಂತ ಕೇಳಿ ಸಾಕು. ನಮ್ಮ ಓನರ್ ಆಂಟಿ ಕೇಳಿದ್ದು ಅಷ್ಟೇ. ಅರ್ಧ ಗಂಟೆ ನಾನೇ ಮಾತಾಡಿದೆ, ಅವರು ಕಾಫಿ ಕೊಟ್ಟರು.

ಇನ್ನೊಂದು ಪಾಡು ಇದೆ, ತಪ್ಪಿತಸ್ಥ ಭಾವನೆ. ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದರೆ ಲಾಗ್ ತೆಗೆದು ಎಲ್ಲಿ, ಯಾವಾಗ, ಯಾರಿಂದ ಅಂತ ಹುಡುಕುವುದು ನಮ್ಮ ದಿನನಿತ್ಯದ ಕೆಲಸ. ರಾತ್ರಿ ಮಲಗಿದರೆ ತಲೆ ಅದನ್ನೇ ಮಾಡುತ್ತಿತ್ತು. ಮಂಗಳವಾರ ಮೊಸರನ್ನ ಬಿಟ್ಟಾಗಲೇ ಹೋಗಿದ್ದರೆ? ಆ ರಿಲೀಸ್ ಬೇರೆಯವರಿಗೆ ಕೊಟ್ಟಿದ್ದರೆ? ಡಾಕ್ಟ್ರನ್ನು ನೇರವಾಗಿ ಕೇಳಿಯೇ ಬಿಟ್ಟೆ. "ಬೇಗ ಬಂದಿದ್ದರೆ ಚಾನ್ಸ್ ಜಾಸ್ತಿ ಇತ್ತು ಸಾರ್. ಆದರೆ ಕೆಲವು ನಾಯಿಗಳಲ್ಲಿ ಇದು ತಿಂಗಳುಗಟ್ಟಲೆ ಸುಮ್ಮನೆ ಕೂತಿದ್ದು, ಆಮೇಲೆ ಒಂದೇ ಸಲ ಎದ್ದುಬಿಡುತ್ತೆ" ಅಂದರು. ಅರ್ಧ ತಪ್ಪು ನನ್ನದು ಅಂತ ಒಪ್ಪಿಕೊಂಡ ಮೇಲೆ ನಿದ್ದೆ ಸ್ವಲ್ಪ ಬರುತ್ತಿದೆ. ಪೂರ್ತಿ ನನ್ನದೇ, ಅಥವಾ ನನ್ನದೇನೂ ಇಲ್ಲ ಅಂದುಕೊಂಡಷ್ಟು ದಿನ ಬರಲಿಲ್ಲ.

ಗುಂಡನ ಲಸಿಕೆ ಪುಸ್ತಕ ಪೂರ್ತಿ ತುಂಬಿತ್ತು. ಎಲ್ಲ ಹಾಕಿಸಿದ್ದೇನೆ ಅಂತ ನಿಶ್ಚಿಂತೆಯಿಂದಿದ್ದೆ. ಆದರೆ ಈ ಜ್ವರಕ್ಕೆ ಲಸಿಕೆಯೇ ಇಲ್ಲ. ಕಿವಿಯಲ್ಲಿ ಎರಡು ಉಣ್ಣೆ ಸಿಕ್ಕಾಗ ಕಿತ್ತು ಚಪ್ಪಲಿಯಲ್ಲಿ ಹೊಸಕಿ ಮರೆತಿದ್ದೆ. ಮೈಮೇಲೆ ಎರಡು ಕಂಡರೆ ಮನೆಯಲ್ಲಿ ಇನ್ನೂ ಬಹಳ ಇವೆ ಅಂತ ಅರ್ಥ. ಹೆಣ್ಣು ಉಣ್ಣೆ ರಕ್ತ ಕುಡಿದು ಕೆಳಗೆ ಬಿದ್ದು, ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿ ಸಾಕಿರುವವರಿಗೆ ಒಂದೆರಡು ಮಾತು. ಉಣ್ಣೆ ತಡೆಯುವ ಮಾತ್ರೆಯೋ, ಬೆನ್ನಿಗೆ ಹಾಕುವ ಔಷಧಿಯೋ, ಡಾಕ್ಟ್ರನ್ನು ಕೇಳಿ ತಪ್ಪದೆ ಹಾಕಿಸಿ. ಕಿವಿಯೊಳಗೆ, ಕಾಲ್ಬೆರಳುಗಳ ಸಂದಿಯಲ್ಲಿ ಆಗಾಗ ನೋಡಿ. ನಾಯಿ ಊಟ ಬಿಟ್ಟು ಮೈ ಸುಡುತ್ತಿದ್ದರೆ ನಾಳೆಗೆ ಬಿಡಬೇಡಿ, ರಕ್ತ ಪರೀಕ್ಷೆ ಮಾಡಬೇಕಾ ಅಂತ ನೀವೇ ಬಾಯಿ ಬಿಟ್ಟು ಕೇಳಿ. ವಸಡು ಬಿಳಿಚಿಕೊಂಡಿದ್ದರಂತೂ ಆ ಕ್ಷಣವೇ ಓಡಿ. ಮನುಷ್ಯರ ಜ್ವರದ ಮಾತ್ರೆ ಕೊಡಬೇಡಿ, ಅದು ನಾಯಿಗಳಿಗೆ ವಿಷವಾಗಬಹುದು. ಬೇಗ ಔಷಧಿ ಶುರುವಾದ ನಾಯಿಗಳಲ್ಲಿ ಹೆಚ್ಚಿನವು ಬದುಕುತ್ತವೆ.

ಕಳೆದ ವಾರ ಮ್ಯಾನೇಜರ್ ಹತ್ತಿರ ಹೋಗಿ ನಿಜ ಹೇಳಿದೆ. ನನಗೆ ಜ್ವರ ಬಂದಿರಲಿಲ್ಲ, ನಾಯಿ ಸತ್ತಿತ್ತು ಅಂತ. ಅವರು ಲ್ಯಾಪ್‌ಟಾಪ್ ಮುಚ್ಚಿ, "ಹೇಳಬಹುದಿತ್ತಲ್ಲಪ್ಪ" ಅಂದರು. ಪಕ್ಕದ ಸೀಟಿನವನಿಗೂ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ "ಅಂದ್ರೆ ಆ ಹನ್ನೊಂದು ಸಾವಿರ..." ಅಂತ ಶುರು ಮಾಡಿ, ಮುಂದೆ ಮಾತಾಡಲಿಲ್ಲ. ನಗುವವರು ಇದ್ದೇ ಇರುತ್ತಾರೆ, ನಾನೂ ಆ ಕಲ್ಲಿನ ಮುಂದೆ ನಕ್ಕವನೇ ತಾನೆ. ಆದರೆ ಹೇಳದೇ ಇದ್ದರೆ ಅವರಿಗೆ ನಗು ನಿಲ್ಲಿಸುವ ಅವಕಾಶವೂ ಸಿಗುವುದಿಲ್ಲ.

ಹಾಗಾಗಿ ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕಲ್ಲು ನಿಲ್ಲಿಸಲು, ಭೂಮಿ ಬಿಡಲು ನಾನು ಮಣಲೇರನಲ್ಲ. ಬೆಲ್ಟು ಅಮ್ಮನ ಹತ್ತಿರ ಇದೆ. ಭಾನುವಾರ ಫೋನ್ ಮಾಡಿದಾಗ ಅಪ್ಪ ತೋಟದ ಸುದ್ದಿ ಹೇಳುತ್ತಾ, "ನಿನ್ ನಾಯಿ ಮರಕ್ಕೆ ನೀರು ಬಿಟ್ಟೆ" ಅಂದರು. ಆ ಮರಕ್ಕೆ ಈಗ ಅದೇ ಹೆಸರು.

ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಹೋಗಿದ್ದರೆ ಹೆಸರು ಹೇಳಿ. ಏನಾಗಿತ್ತು ಅಂತಲೂ ಹೇಳಿ. ನಾನು ನಗುವುದಿಲ್ಲ.