ಬಿದ್ದದ್ದಲ್ಲ, ಬೀಳಿಸಿದ್ದು

ಮೈಸೂರಿನ ಸಯ್ಯಾಜಿರಾವ್ ರಸ್ತೆಗೆ ವರ್ಷಕ್ಕೊಮ್ಮೆ ಮರ್ಯಾದೆ. ವಿಜಯದಶಮಿ ಹತ್ತಿರ ಬಂದರೆ ಗುಂಡಿಗೆ ಡಾಂಬರು, ಕಂಬಕ್ಕೆ ದೀಪ, ಗಣ್ಯರ ಕಣ್ಣಿಗೆ ಬೀಳುವ ಗೋಡೆಗೆ ಬಣ್ಣ. ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಅಂಬಾರಿ ಬನ್ನಿಮಂಟಪದ ಕಡೆ ಹೊರಟಿತೋ, ಮುಗಿಯಿತು. ಆಮೇಲೆ ಈ ಬೀದಿ ಬದುಕಿದೆಯೋ ಸತ್ತಿದೆಯೋ ಕೇಳುವವರಿಲ್ಲ. ವರ್ಷವಿಡೀ ಅನ್ನ ಹಾಕದ ಮಗ ಹಬ್ಬದ ದಿನ ಅವ್ವನಿಗೆ ರೇಷ್ಮೆ ಸೀರೆ ಉಡಿಸಿ ಫೋಟೋ ತೆಗೆಸಿಕೊಂಡ ಹಾಗೆ.

ಬರೋಡಾದ ಮಹಾರಾಜರ ಹೆಸರು ಹೊತ್ತ ಬೀದಿ ಇದು. ಬರೀ ರಸ್ತೆಯಲ್ಲ. ಕೆ.ಆರ್. ವೃತ್ತದಿಂದ ಹೆಜ್ಜೆ ಹಾಕಿ. ಚಿಕ್ಕ ಗಡಿಯಾರ ಗೋಪುರದಿಂದ ಧನ್ವಂತರಿ ರಸ್ತೆಯವರೆಗೆ ದೇವರಾಜ ಮಾರುಕಟ್ಟೆಯ ಬೆನ್ನು. ಒಳಗೆ ಎಂಟುನೂರಕ್ಕೂ ಹೆಚ್ಚು ಮಳಿಗೆ. ಮೊಳದ ಲೆಕ್ಕದಲ್ಲಿ ಮಲ್ಲಿಗೆ, ಗೋಪುರವಾಗಿ ನಿಂತ ಕುಂಕುಮ, ನಂಜನಗೂಡು ರಸಬಾಳೆ, ಚಿಗುರು ವೀಳ್ಯದೆಲೆ. 1886ರಿಂದ ಊರಿಗೆ ಉಣ್ಣಿಸಿದ ಜಾಗ. ಇಲ್ಲಿ ಬಡವನೂ ಕೊಂಡ, ಅರಮನೆಯವನೂ ಕೊಂಡ.

ಅದಕ್ಕೆ ಆಳುವ ನೀವು ಕೊಟ್ಟದ್ದೇನು?

2012ರ ಆಗಸ್ಟ್. ಚಿಕ್ಕ ಗಡಿಯಾರದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. 1892ರ ಕಟ್ಟಡ ಅದು. ಅದು ಮುಪ್ಪಿನಿಂದ ಬಿತ್ತು ಅಂದರು. ಸುಳ್ಳು! ಅದಕ್ಕಿಂತ ಹಳೆಯ ಕಟ್ಟಡಗಳು ಊರಲ್ಲಿ ನೆಟ್ಟಗೆ ನಿಂತಿವೆ. ಯಾಕೆ? ಅವನ್ನು ನೋಡಿಕೊಳ್ಳುವವರಿದ್ದಾರೆ.

ನಾಲ್ಕು ಹೆಣ ನೋಡಿಯಾದರೂ ಬುದ್ಧಿ ಬಂತಾ? ಇಲ್ಲ. 2016ರ ಆಗಸ್ಟ್. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ನೆಲ ಕಚ್ಚಿತು. ಎಂಥಾ ಹೊತ್ತಿನಲ್ಲಿ ಗೊತ್ತೇ? ದುರಸ್ತಿ ನಡೆಯುತ್ತಿದ್ದಾಗಲೇ! ಔಷಧ ಕೊಡಲು ಹೋದವರ ಕಣ್ಣೆದುರೇ ರೋಗಿ ಹೋದ.

ಈ ಮಾರುಕಟ್ಟೆ ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡ. ಗಾರೆ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಕೂತು ಗೋಡೆ ತಿನ್ನುತ್ತದೆ. ತಾರಸಿಯ ಸಂದಿಯಲ್ಲಿ ಅರಳಿ ಸಸಿ ಎದ್ದಾಗ ಎರಡು ಬೆರಳಲ್ಲಿ ಕಿತ್ತರೆ ಸಾಕು. ಬಿಟ್ಟರೆ ಬೇರು ಇಟ್ಟಿಗೆ ಸೀಳುತ್ತದೆ. ಮಳೆನೀರಿನ ಕೊಳವೆ ಕಟ್ಟಿಕೊಂಡರೆ ತೊಲೆ ಕೊಳೆಯುತ್ತದೆ. ಊರಿನ ಯಾವ ಹಳೇ ಗಾರೆ ಕೆಲಸದವನನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಕೇಳಿದಿರಾ? ಬಾಡಿಗೆ ವಸೂಲಿಗೆ ಬಂದ ಕೈ ಒಂದು ಸಸಿ ಕೀಳಲು ಬರಲಿಲ್ಲವೇ?

ಆಮೇಲೆ ಶುರುವಾಯಿತು ನೋಡಿ ಸಮಿತಿಗಳ ಸಂತೆ. ಒಂದು ಸಮಿತಿ ಕೆಡವಿ ಅಂದಿತು. ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ತಜ್ಞರು ಜೀರ್ಣೋದ್ಧಾರ ಸಾಧ್ಯ ಅಂದರು. ಜಗಳ ಕೋರ್ಟಿನ ಮೆಟ್ಟಿಲೇರಿತು. ಕಡತ ಮೈಸೂರಿಂದ ಬೆಂಗಳೂರಿಗೆ, ಬೆಂಗಳೂರಿಂದ ಮೈಸೂರಿಗೆ. ಪಕ್ಷ ಬದಲಾಯಿತು, ಮಂತ್ರಿ ಬದಲಾದ, ಭಾಷಣ ಮಾತ್ರ ಅದೇ. ಮಳೆ ಕಾಯುತ್ತದಾ? ಪ್ರತಿ ಮುಂಗಾರಿಗೂ ಗೋಡೆ ಇನ್ನಷ್ಟು ನೆನೆಯಿತು.

ಇದು ಅಸಡ್ಡೆಯಲ್ಲ ಸ್ವಾಮಿ, ಉಪಾಯ. ಮೊದಲು ನೋಡಿಕೊಳ್ಳಬೇಡ. ಬಿರುಕು ಬಿಡಲಿ. ಬೀಳಲಿ. ಆಮೇಲೆ "ಶಿಥಿಲ" ಅಂತ ಬೋರ್ಡು ಹಾಕು. ಜನ ತಾವೇ ಹೆದರಿ ಕೆಡವಿ ಅನ್ನುತ್ತಾರೆ. ಟೆಂಡರ್ ಕರೆಯುವುದು ಆಗ ಸಲೀಸು. ಶಿಥಿಲ ಅಂತ ಬರೆದವರು ಶಿಥಿಲ ಮಾಡಿದವರ ಹೆಸರು ಯಾಕೆ ಬರೆಯುವುದಿಲ್ಲ?

1903ರಲ್ಲೇ ನಗರ ಸುಧಾರಣೆಗೆ ವಿಶ್ವಸ್ತ ಮಂಡಳಿ ಕಟ್ಟಿದ ಊರು ಇದು. ಆಗ ಜೆಸಿಬಿ ಇರಲಿಲ್ಲ, ಕನ್ಸಲ್ಟೆಂಟ್ ಇರಲಿಲ್ಲ. ತಲೆ ಇತ್ತು. ಇವತ್ತು ಪಾರಂಪರಿಕ ನಗರಿ ಅಂತ ಕಮಾನು ನಿಲ್ಲಿಸುತ್ತೀರಿ. ಪರಂಪರೆ ಮಾತ್ರ ತಗಡಿನ ಮರೆಗೆ.

ನಾವೇನು ಸಾಚಾನಾ? ಜಂಬೂಸವಾರಿಯ ಪಾಸಿಗೆ ಮೂರು ಜನರ ಕಾಲು ಹಿಡಿಯುತ್ತೇವೆ. ಅದೇ ಬೀದಿಯ ಗೋಡೆಗೆ ಒಂದು ಅರ್ಜಿ ಬರೆದೆವಾ? ಮಾರುಕಟ್ಟೆಯ ಬಾಗಿಲಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡು ಮೇಲೆ ತಲೆ ಎತ್ತದೆ ಬಂದೆವು. ಓಟು ಕೇಳಲು ಬಂದವನನ್ನು ಈ ಮಾರುಕಟ್ಟೆ ಏನಾಯ್ತು ಅಂತ ಯಾರು ತಡೆದು ಕೇಳಿದರು? ನಮ್ಮ ಬಾಯಿಯ ಬೀಗವೇ ಅವರ ಧೈರ್ಯ.

ಆಳುವವರು ತಾವಾಗಿ ಕೇಳುವ ಜನವಲ್ಲ. ಕೇಳಿಸಬೇಕು. ಎಲ್ಲ ಸಮಿತಿಗಳ ವರದಿಯನ್ನೂ ಮಾರುಕಟ್ಟೆಯ ಬಾಗಿಲಿಗೆ ಅಂಟಿಸಿ. ಇಲ್ಲಿಂದ ಎಷ್ಟು ಬಾಡಿಗೆ ಬಂತು, ಇಲ್ಲಿಗೆ ಎಷ್ಟು ಖರ್ಚಾಯಿತು, ವರ್ಷವಾರು ಲೆಕ್ಕ ಕೊಡಿ. ಕೆಲಸ ಮುಗಿದ ಮೇಲೆ ಹೂವಿನವರಿಗೆ, ಎಲೆಯವರಿಗೆ ವಾಪಸ್ ಮಳಿಗೆ ಸಿಗುತ್ತದೆ ಅಂತ ಬರೆದು ಕೊಡಿ, ಬಾಯಿಮಾತು ಬೇಡ. ಗಾರೆ ಗೊತ್ತಿಲ್ಲದವನ ಕೈಗೆ ಕರಣೆ ಕೊಡಬೇಡಿ.

ಕೊಡದಿದ್ದರೆ, ಮುಂದಿನ ದಸರಾದಲ್ಲಿ ಗಣ್ಯರು ಕುರ್ಚಿಯಲ್ಲಿ ಕೂತಿರುವಾಗ ಊರಿಗೆ ಊರೇ ಎದ್ದು ನಿಂತು ಲೆಕ್ಕ ಕೇಳಲಿ. ಆನೆಗೆ ದಾರಿ ಬಿಡೋಣ. ಇವರಿಗೆ ಬೇಡ.